ಮತವು ಮಠದ ಸ್ವತ್ತಲ್ಲ

ಚುನಾವಣೆಯ ಕಾಲವು ಸಮೀಪಿಸಿತೆಂದರೆ ನಮ್ಮ ಮಠಗಳ ಮಹಾದ್ವಾರದ ಮುಂದೆ ವಾಹನಗಳ ಸಾಲು ಬೆಳೆಯುತ್ತದೆ. ಐದು ವರ್ಷಗಳ ಕಾಲ ಮಠದ ದಾರಿಯನ್ನೇ ಮರೆತವರು ಹಣ್ಣುಹಂಪಲು, ಶಾಲು, ಹಾರಗಳೊಡನೆ ಬಂದು ಪಾದಕ್ಕೆರಗುತ್ತಾರೆ. ಅವರು ಬಾಯಲ್ಲಿ ಬೇಡುವುದು ಆಶೀರ್ವಾದವನ್ನು. ಮನದಲ್ಲಿ ಬೇಡುವುದು ಭಕ್ತರ ಮತಗಳನ್ನು. ಇದನ್ನು ಅರಿತೂ ಕೆಲವು ಪೀಠಗಳಿಂದ ಅಪ್ಪಣೆ ಹೊರಡುತ್ತದೆ. ಇನ್ನು ಕೆಲವು ಪೀಠಗಳು ‘ರಾಜಕಾರಣವು ನಮ್ಮದಲ್ಲ’ವೆಂದು ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತವೆ. ಮೊದಲನೆಯವರು ತಾವು ಸಮಾಜದ ಹಿತಚಿಂತಕರೆಂದೂ, ಎರಡನೆಯವರು ತಾವು ವಿರಕ್ತರೆಂದೂ ಭಾವಿಸಿರುತ್ತಾರೆ. ಇವೆರಡೂ ಒಂದೇ ಬಗೆಯ ಕರ್ತವ್ಯಚ್ಯುತಿಯೆಂಬುದು ನಮ್ಮ ದೃಢವಾದ ಅಭಿಪ್ರಾಯ. ಅಭ್ಯರ್ಥಿ ಅಭ್ಯರ್ಥಿಗಳ ನಡುವೆ ಮಠವು ತಟಸ್ಥವಾಗಿರಲೇಬೇಕು. ಆದರೆ ಮತದಾರನಿಗೂ ಅವನ ಹಕ್ಕನ್ನು ಕಸಿಯುವವನಿಗೂ ನಡುವೆ ಮಠವು ತಟಸ್ಥವಾಗಿರುವಂತಿಲ್ಲ.

ಈ ಮಾತನ್ನು ಇಂದು ಆಡಲು ಕಾರಣವಿದೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ನಡೆದುದನ್ನು ದೇಶವೆಲ್ಲ ಬಲ್ಲದು. 2023ರ ವಿಧಾನಸಭಾ ಚುನಾವಣೆಗೆ ಮುನ್ನ, 2022ರ ಡಿಸೆಂಬರ್ ತಿಂಗಳಲ್ಲಿ, ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕಬೇಕೆಂದು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದವು. ಒಂದು ಕ್ಷೇತ್ರಕ್ಕೆ ಇಷ್ಟು ಅರ್ಜಿಗಳು ಬಂದುದನ್ನು ಕಂಡು ಅಧಿಕಾರಿಗಳಿಗೆ ಸಂಶಯ ಹುಟ್ಟಿತು. ಮನೆಮನೆಗೆ ಹೋಗಿ ಪರಿಶೀಲಿಸಲಾಗಿ 24 ಅರ್ಜಿಗಳು ಮಾತ್ರ ನಿಜವಾದವೆಂದೂ, ಉಳಿದ 5,994 ಸುಳ್ಳಾದವೆಂದೂ ತಿಳಿದುಬಂದಿತು. ಚುನಾವಣಾ ಆಯೋಗವೇ ಈ ಅಂಕಿಗಳನ್ನು ಪ್ರಕಟಿಸಿದೆ. ಅರ್ಜಿದಾರರೆಂದು ಯಾರ ಹೆಸರು ನಮೂದಾಗಿತ್ತೋ ಅವರಲ್ಲಿ ಅನೇಕರಿಗೆ ತಮ್ಮ ಹೆಸರಿನಲ್ಲಿ ಅರ್ಜಿ ಹೋಗಿದೆಯೆಂಬುದೇ ತಿಳಿದಿರಲಿಲ್ಲ. ನೆರೆಮನೆಯವನ ಹೆಸರನ್ನು ಅಳಿಸಬೇಕೆಂದು ನೆರೆಮನೆಯವನೇ ಕೇಳಿದಂತೆ ಕಾಗದ ಹುಟ್ಟಿಸಲಾಗಿತ್ತು. 2023ರ ಫೆಬ್ರವರಿ 21ರಂದು ಮತದಾರರ ನೋಂದಣಾಧಿಕಾರಿಗಳೇ ಆಳಂದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿದರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ಒಂದೊಂದು ಸುಳ್ಳು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಸಂದಾಯವಾಗಿದೆಯೆಂದು ಆ ದಳವು ಕಂಡುಕೊಂಡುದಾಗಿ ಪತ್ರಿಕೆಗಳು ವರದಿ ಮಾಡಿದವು. ಅಪರಾಧಿಗಳು ಯಾರೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅದರಲ್ಲಿ ನಾವು ಕೈ ಹಾಕುವುದಿಲ್ಲ. ಅಪರಾಧವು ನಡೆಯಿತೆಂಬುದರಲ್ಲಿ ಮಾತ್ರ ವಿವಾದವಿಲ್ಲ.

ಈ ಸಂಖ್ಯೆಯ ತೂಕವನ್ನು ತಿಳಿಯಬೇಕಾದರೆ ಇನ್ನೊಂದು ಸಂಖ್ಯೆಯನ್ನು ಅದರ ಪಕ್ಕದಲ್ಲಿಡಬೇಕು. 2018ರ ಚುನಾವಣೆಯಲ್ಲಿ ಇದೇ ಆಳಂದದಲ್ಲಿ ಸೋಲುಗೆಲುವುಗಳ ಅಂತರ 697 ಮತಗಳು. ಸುಳ್ಳು ಅರ್ಜಿಗಳ ಸಂಖ್ಯೆ ಅದರ ಎಂಟು ಪಾಲಿಗಿಂತಲೂ ಅಧಿಕ. 2023ರಲ್ಲಿ ಅಂತರವು ಹತ್ತು ಸಾವಿರವನ್ನು ದಾಟಿತೆಂಬುದೂ, ಅಳಿಸುವ ಯತ್ನವು ವಿಫಲವಾಯಿತೆಂಬುದೂ ನಿಜವೇ. ‘ಹಾಗಾದರೆ ಕೆಟ್ಟುದೇನು?’ ಎಂದು ಕೇಳುವವರುಂಟು. ಕಳ್ಳನು ಕನ್ನ ಕೊರೆಯುವಾಗ ಮನೆಯವರು ಎಚ್ಚೆತ್ತರೆಂಬ ಮಾತ್ರಕ್ಕೆ ಕನ್ನವು ಕನ್ನವಲ್ಲದೆ ಹೋದೀತೆ? ಒಬ್ಬ ಮತಗಟ್ಟೆ ಅಧಿಕಾರಿಗೆ ತನ್ನ ಬಂಧುವಿನ ಹೆಸರೇ ಅಳಿಸುವ ಪಟ್ಟಿಯಲ್ಲಿ ಕಂಡಿತೆಂದೂ, ಅಲ್ಲಿಂದ ಈ ವಂಚನೆಯ ಎಳೆ ಸಿಕ್ಕಿತೆಂದೂ ವರದಿಯಾಗಿದೆ. ಆ ಎಳೆ ಕೈಗೆ ಸಿಕ್ಕದೆ ಹೋಗಿದ್ದರೆ? ಈ ಪ್ರಕರಣವು ದೇಶಕ್ಕೆಲ್ಲ ತಿಳಿದ ಮೇಲೆ, 2025ರಲ್ಲಿ, ಇಂತಹ ಅರ್ಜಿ ಸಲ್ಲಿಸುವವರ ಗುರುತನ್ನು ಆಧಾರ್‌ಗೆ ಜೋಡಿಸಿದ ದೂರವಾಣಿಯ ಮೂಲಕ ದೃಢಪಡಿಸಿಕೊಳ್ಳುವ ಏರ್ಪಾಡು ಬಂದಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತೆಂದು ಹಿರಿಯರು ಅನ್ನುತ್ತಿದ್ದರೇನೋ. ಆದರೂ ಹಾಕಿದ್ದು ಒಳಿತೇ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಐದು ಸಾವಿರದ ಒಂಬೈನೂರ ತೊಂಬತ್ತನಾಲ್ಕು ಹೆಸರುಗಳ ಮೇಲೆ ಕಳ್ಳಗೈ ಬಿದ್ದುದನ್ನು ಕುರಿತು ನಮ್ಮ ಎಷ್ಟು ಮಠಗಳ ಪ್ರವಚನದಲ್ಲಿ ಮಾತು ಬಂದಿತು? ಎಷ್ಟು ಜಾತ್ರೆಗಳ ಧರ್ಮಸಭೆಯಲ್ಲಿ ಬಂದಿತು? ಮಾತನಾಡಿದರೆ ಒಂದು ಪಕ್ಷದವರೆಂಬ ಹಣೆಪಟ್ಟಿ ಅಂಟೀತೆಂಬ ಅಳುಕೇ ಇಂತಹ ಮೌನದ ಮೂಲ. ಒಂದು ಪಕ್ಷವು ಆರೋಪಿಸುತ್ತದೆ, ಇನ್ನೊಂದು ಪಕ್ಷವು ಅಲ್ಲಗಳೆಯುತ್ತದೆ; ನಡುವೆ ನಾವೇಕೆ ಎಂಬುದು ಈ ವಾದದ ಸಾರ. ಆದರೆ ದೂರಿತ್ತವರು ಪಕ್ಷದವರಲ್ಲ, ಸ್ವತಃ ನೋಂದಣಾಧಿಕಾರಿಗಳು. ಸುಳ್ಳೆಂದು ಹೇಳಿದುದು ಎದುರಾಳಿಯಲ್ಲ, ಸ್ವತಃ ಆಯೋಗ. ಹೀಗಿರುವಲ್ಲಿ ಊರಿನ ಬಾವಿಗೆ ವಿಷ ಬಿದ್ದಾಗ ಮೊದಲು ಕೂಗಿದವನು ಯಾವ ಓಣಿಯವನೆಂದು ವಿಚಾರಿಸುತ್ತ ಕುಳಿತುಕೊಳ್ಳುವುದು ತಾಟಸ್ಥ್ಯವಲ್ಲ. ಅದು ಭಯಕ್ಕೆ ಹೊದಿಸಿದ ಕಾವಿ.

ಈ ಅನ್ಯಾಯದ ಪೆಟ್ಟು ಬೀಳುವುದು ಯಾರ ಮೇಲೆಂಬುದನ್ನೂ ನೋಡಬೇಕು. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ತಹಶೀಲ್ದಾರ ಕಚೇರಿಗೆ ನಡೆದು ಕೇಳಬಲ್ಲ ಸ್ಥಿತಿವಂತನ ಮೇಲಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ನಾಡು. ಮಳೆಯನ್ನು ನಂಬಿದ ನಾಡು. ತೊಗರಿಯ ರಾಶಿ ಮುಗಿದೊಡನೆ, ಮಳೆ ಕೈಕೊಟ್ಟ ವರ್ಷವಾದರೆ ಅದಕ್ಕೂ ಮೊದಲೇ, ಸಾವಿರಾರು ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತವೆ. ಮನೆಯ ಬಾಗಿಲಿಗೆ ಬೀಗ, ಅಂಗಳದಲ್ಲಿ ವೃದ್ಧೆಯೊಬ್ಬಳು. ‘ಇವರು ಊರು ಬಿಟ್ಟಿದ್ದಾರೆ’ ಎಂಬ ಒಂದು ಸಾಲಿನ ಅರ್ಜಿಗೆ ಇಂತಹ ಮನೆಗಳೇ ಸುಲಭದ ಗುರಿ. ಯುಗಾದಿಗೋ ಊರ ಜಾತ್ರೆಗೋ ಮರಳುವ ಈ ದುಡಿಮೆಗಾರನು ಊರು ಬಿಟ್ಟವನಲ್ಲ. ಹೊಟ್ಟೆಗಾಗಿ ಹೊರಗೆ ಹೋದವನು. ಇದು ಒಂದು ಜಿಲ್ಲೆಯ ಮಾತೂ ಅಲ್ಲ. 2025ರಲ್ಲಿ ಬಿಹಾರದ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳಿರಲಿಲ್ಲ. ಕೈಬಿಟ್ಟವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳು 14ರಂದು ಆದೇಶಿಸಬೇಕಾಯಿತು. ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತಿಳಿಸಿ ಅವನ ಮಾತನ್ನು ಕೇಳಬೇಕೆಂಬುದು ನಿಯಮ. ನಿಯಮವನ್ನು ಬಲ್ಲವರು ಬಲ್ಲದವರ ಪರವಾಗಿ ನಿಲ್ಲದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತದೆ.

ನಮ್ಮ ಭಾಗಕ್ಕೆ ಈ ಹಕ್ಕು ಎಷ್ಟು ತಡವಾಗಿ ಬಂದಿತೆಂಬುದನ್ನು ಇಂದಿನ ತರುಣರು ಮರೆತಿರಬಹುದು. ದೇಶವು 1947ರಲ್ಲಿ ಸ್ವತಂತ್ರವಾದರೂ ನಾವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಪ್ರಜೆಗಳಾಗಿದ್ದೆವು. ಹೈದರಾಬಾದು ಪ್ರಾಂತದ ಜಹಗೀರುಗಳು ರದ್ದಾದುದು 1949ರಲ್ಲಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶಮುಖನೂ ಅವನ ಹೊಲದ ಆಳೂ ಒಂದೇ ಸಾಲಿನಲ್ಲಿ ನಿಂತರು. ಇಬ್ಬರ ಚೀಟಿಗೂ ಒಂದೇ ತೂಕವಾಯಿತು. ನೆಲದ ಜಹಗೀರು ಹೋಯಿತು; ಆದರೆ ಮನಸ್ಸುಗಳ ಮೇಲಿನ ಜಹಗೀರು ಹೋಗಲಿಲ್ಲ. ಊರ ಗೌಡರು, ಹಿರಿಯರು, ಗುಡಿಯ ಪಂಚರು, ಕಡೆಗೆ ಮಠದ ಸ್ವಾಮಿಗಳು ತಮ್ಮ ‘ಕೈಯಲ್ಲಿ ಇಷ್ಟು ಮತಗಳಿವೆ’ ಎಂದು ಎಣಿಸುವ ಅಭ್ಯಾಸವು ಉಳಿದುಬಂದಿತು.

ಆದಕಾರಣ ಆಳಂದದ ಸುಳ್ಳು ಅರ್ಜಿಯನ್ನು ಖಂಡಿಸುವ ನಾವು ಈ ಎಣಿಕೆಯನ್ನೂ ಖಂಡಿಸದಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಸುಳ್ಳು ಅರ್ಜಿಯು ಮತದಾರನ ಹೆಸರನ್ನು ಅಳಿಸುತ್ತದೆ. ಪೀಠದ ಅಪ್ಪಣೆಯು ಹೆಸರನ್ನು ಉಳಿಸಿ ಅವನ ವಿವೇಕವನ್ನು ಅಳಿಸುತ್ತದೆ. ಮೊದಲನೆಯದರಲ್ಲಿ ಅವನು ಮತಗಟ್ಟೆಗೆ ಹೋಗಲಾರ. ಎರಡನೆಯದರಲ್ಲಿ ಹೋದರೂ ಹೋದವನು ಅವನಲ್ಲ. ಎರಡೂ ಕಡೆ ಒಬ್ಬನ ಮತವನ್ನು ಇನ್ನೊಬ್ಬನು ಚಲಾಯಿಸಿದಂತಾಗುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ಈ ದೇಶದ ಅತ್ಯುಚ್ಚ ನ್ಯಾಯಪೀಠವು ಬಹು ಹಿಂದೆಯೇ ಕಂಡ ಸತ್ಯ. 1957ರಲ್ಲಿ ಅಂದಿನ ಪಂಜಾಬಿನ ಸಿರ್ಸಾ ಕ್ಷೇತ್ರದ ಚುನಾವಣೆಯಲ್ಲಿ ನಾಮಧಾರಿ ಪಂಥದ ಗುರುಗಳು ತಮ್ಮ ಅನುಯಾಯಿಗಳಿಗೆ ಇಂಥ ಅಭ್ಯರ್ಥಿಗೆ ಮತ ಕೊಡಬೇಕೆಂದು ಫರ್ಮಾನು ಹೊರಡಿಸಿದರು. ಅಭ್ಯರ್ಥಿಯು ಗೆದ್ದರು, ಗೆಲುವು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ರಾಮ್ ದಯಾಲ್ ಮತ್ತು ಸಂತ ಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಇಂತಹ ಆಜ್ಞೆಯು ಅನುಚಿತ ಪ್ರಭಾವವೆಂದು ತೀರ್ಮಾನಿಸಿತು. ಧರ್ಮಗುರುವಿಗೂ ಅಭ್ಯರ್ಥಿಗಳ ಗುಣದೋಷಗಳ ಬಗ್ಗೆ ಅಭಿಪ್ರಾಯ ಹೇಳುವ ಸ್ವಾತಂತ್ರ್ಯವಿದೆಯೆಂದು ನ್ಯಾಯಾಲಯವು ಒಪ್ಪಿತು. ಆದರೆ ಮೀರಿದರೆ ದೈವದ ಅವಕೃಪೆಗೆ ಪಾತ್ರನಾಗುವೆನೆಂಬ ಭಯವನ್ನು ಹುಟ್ಟಿಸಿ ಅನುಯಾಯಿಗೆ ಆಯ್ಕೆಯೇ ಉಳಿಯದಂತೆ ಮಾಡುವುದು ಬೇರೆಯೆಂದು ಗೆರೆ ಎಳೆಯಿತು. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 123ನೆಯ ಪ್ರಕರಣದಲ್ಲಿ ಈ ದೈವಭಯದ ಮಾತು ಸ್ಪಷ್ಟವಾಗಿಯೇ ಇದೆ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆಯು ಧಾರ್ಮಿಕ ಸಂಸ್ಥೆಯ ಸ್ಥಳವನ್ನಾಗಲಿ ಉತ್ಸವ, ಸಭೆಗಳನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸಬಾರದೆನ್ನುತ್ತದೆ. ಅದರ ನಿಧಿಯು ರಾಜಕೀಯ ಪಕ್ಷದ ಲಾಭಕ್ಕೆ ಹೋಗಬಾರದೆನ್ನುತ್ತದೆ. 2017ರ ಜನವರಿ 2ರಂದು ಏಳು ನ್ಯಾಯಾಧೀಶರ ಪೀಠವು ಬಹುಮತದಿಂದ, ಅಭ್ಯರ್ಥಿಯ ಧರ್ಮ ಜಾತಿಗಳಷ್ಟೇ ಅಲ್ಲ, ಮತದಾರನ ಧರ್ಮ ಜಾತಿಗಳ ಹೆಸರಿನಲ್ಲಿಯೂ ಮತ ಯಾಚಿಸಬಾರದೆಂದು ಹೇಳಿತು.

ಕಾಯಿದೆಯ ಮಾತು ಅಂತಿರಲಿ. ನಮ್ಮ ಧರ್ಮದ ಮಾತೇನು? ಶರಣರು ಇಷ್ಟಲಿಂಗವನ್ನು ಪ್ರತಿಯೊಬ್ಬನ ಅಂಗೈಗೆ ಕೊಟ್ಟರು. ಗಂಡನ ಲಿಂಗಪೂಜೆಯನ್ನು ಹೆಂಡತಿ ಮಾಡುವಂತಿಲ್ಲ. ಹೆಂಡತಿಯದನ್ನು ಗಂಡನು ಮಾಡುವಂತಿಲ್ಲ. ದೀಕ್ಷೆಯಿತ್ತ ಗುರುವೂ ಶಿಷ್ಯನ ಪೂಜೆಯನ್ನು ತಾನು ಮಾಡಿ ಮುಗಿಸುವಂತಿಲ್ಲ. ದೇವರಿಗೂ ಭಕ್ತನಿಗೂ ನಡುವೆಯೇ ದಲ್ಲಾಳಿಯನ್ನು ಒಪ್ಪದ ಧರ್ಮವು ಮತಪೆಟ್ಟಿಗೆಗೂ ಭಕ್ತನಿಗೂ ನಡುವೆ ದಲ್ಲಾಳಿಯನ್ನು ಒಪ್ಪುವುದೆಂತು? ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಶೂನ್ಯಪೀಠವನ್ನೇರಿದ್ದರೂ ಮಡಿವಾಳ, ಅಂಬಿಗ, ಸಮಗಾರರೆಲ್ಲ ತಮ್ಮ ಮಾತನ್ನು ತಾವೇ ಆಡಿದರು. ಪೀಠವು ಅವರ ಬಾಯನ್ನು ತೆರೆಯಿಸಿತಲ್ಲದೆ ಅವರ ಪರವಾಗಿ ತಾನು ನುಡಿಯಲಿಲ್ಲ. ಇದನ್ನು ಜಾತ್ರೆಯ ವೇದಿಕೆಯಲ್ಲಿ ಕೊಂಡಾಡಿ ಚುನಾವಣೆಯ ಹೊತ್ತಿನಲ್ಲಿ ಮರೆಯುವುದು ಭಕ್ತರಿಗೆ ಮಾಡುವ ವಂಚನೆ.

ಇದಕ್ಕೆ ಎದುರಾಗಿ ಮೂರು ಮಾತುಗಳು ಕೇಳಿಬರುತ್ತವೆ. ‘ಸ್ವಾಮಿಗಳೂ ಪ್ರಜೆಗಳಲ್ಲವೆ?’ ಎಂಬುದು ಮೊದಲನೆಯದು. ಅಹುದು, ಅವರಿಗೂ ಒಂದು ಮತವಿದೆ, ಒಂದೇ ಮತವಿದೆ. ಸ್ವಾಮಿಗಳು ತಾವೇ ಚುನಾವಣೆಗೆ ನಿಲ್ಲುವುದನ್ನೂ ಕಾಯಿದೆಯು ತಡೆಯುವುದಿಲ್ಲ. ಆಳಂದದ ನೆರೆಯ ಅಕ್ಕಲಕೋಟೆ ಸೀಮೆಯ ಗೌಡಗಾಂವ ಮಠದ ಶ್ರೀಗಳು 2019ರಲ್ಲಿ ಸೊಲ್ಲಾಪುರದಿಂದ ಲೋಕಸಭೆಗೆ ಆಯ್ಕೆಯಾದುದನ್ನು ನಮ್ಮ ಜನ ಕಂಡಿದ್ದಾರೆ. ಹಾಗೆ ನಿಂತವರು ಸೋಲುಗೆಲುವುಗಳನ್ನು ಬಹಿರಂಗವಾಗಿ ತಮ್ಮ ಮೇಲೆ ಹೊತ್ತುಕೊಳ್ಳುತ್ತಾರೆ. ಪೀಠದ ಮೇಲೆ ಕುಳಿತೇ ಪರರ ಮತಗಳನ್ನು ಹಂಚುವವರು ಯಾವುದನ್ನೂ ಹೊರುವುದಿಲ್ಲ.

‘ನಾವು ದಾರಿ ತೋರದಿದ್ದರೆ ಹಣವಂತರು ಕೊಂಡುಕೊಳ್ಳುತ್ತಾರೆ’ ಎಂಬುದು ಎರಡನೆಯದು. ಮಾರಾಟವಾದ ಮತಕ್ಕೆ ಅಪ್ಪಣೆಯ ಮತವು ಮದ್ದಲ್ಲ. ಆಜ್ಞೆಗೆ ತಲೆಬಾಗಿ ರೂಢಿಯಾದವನನ್ನು ಕೊಳ್ಳುವುದು ಇನ್ನೂ ಸುಲಭ. ಏಕೆಂದರೆ ಆಗ ಊರಿನ ಮನೆಮನೆಯ ಬಾಗಿಲನ್ನು ತಟ್ಟಬೇಕಾಗಿಲ್ಲ, ಆಜ್ಞೆ ಕೊಡುವವರೊಬ್ಬರನ್ನು ಒಲಿಸಿಕೊಂಡರೆ ಸಾಕು. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ರಾಜ್ಯದ ಮುಂಗಡಪತ್ರಗಳಲ್ಲಿಯೇ ಮಠಗಳ ಹೆಸರು ಹೇಳಿ ಅನುದಾನವನ್ನು ಘೋಷಿಸುವ ಪರಿಪಾಠ ಬೆಳೆಯಿತು. ವಿದ್ಯೆಗೆ, ಅನ್ನಕ್ಕೆ ಬಂದ ಹಣವನ್ನು ಲೆಕ್ಕ ಕೊಟ್ಟು ಬಳಸುವುದು ತಪ್ಪಲ್ಲ. ಅದರ ಋಣವನ್ನು ಭಕ್ತರ ಮತಗಳಿಂದ ತೀರಿಸಲೆಳಸುವುದು ದಾಸೋಹವೂ ಅಲ್ಲ, ಕಾಯಕವೂ ಅಲ್ಲ; ಪರರ ಸೊತ್ತನ್ನು ಒತ್ತೆಯಿಟ್ಟಂತೆ.

‘ಸಮಾಜದ ಮತ ಒಡೆದರೆ ಸಮಾಜದ ಶಕ್ತಿ ಕುಗ್ಗುತ್ತದೆ’ ಎಂಬುದು ಮೂರನೆಯದು. 2018ರ ಚುನಾವಣೆಗೆ ಮುನ್ನ ಮಠಾಧೀಶರ ಒಂದು ಬಳಗವು ಒಂದು ಪಕ್ಷದ ಪರವಾಗಿ ಬಹಿರಂಗವಾಗಿ ಕರೆ ಕೊಟ್ಟಿತು. 2021ರ ಜುಲೈಯಲ್ಲಿ ಒಬ್ಬ ಮುಖ್ಯಮಂತ್ರಿಗಳ ಸ್ಥಾನವನ್ನು ಉಳಿಸಲು ನೂರಾರು ಮಠಾಧೀಶರು ಬೆಂಗಳೂರಿನಲ್ಲಿ ನೆರೆದರು. ಆ ತಿಂಗಳು ಕಳೆಯುವ ಮೊದಲೇ ಮುಖ್ಯಮಂತ್ರಿಗಳು ಬದಲಾದರು. ಎರಡು ಸಂದರ್ಭಗಳಲ್ಲೂ ಪಕ್ಷಗಳು ಬೇರೆ ಬೇರೆ; ನಷ್ಟವಾದುದು ಮಾತ್ರ ಒಂದೇ, ಕಾವಿಯ ಗೌರವ. ಇದಲ್ಲದೆ ಮಠಕ್ಕೆ ಬರುವವರೆಲ್ಲ ಒಂದೇ ಸಮಾಜದವರೆ? ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಸಂಗಮಕ್ಕೂ, ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೂ, ನಮ್ಮ ಮಠಗಳ ತೇರಿಗೂ ಬರುವ ಜನರು ಬೇರೆ ಬೇರೆಯಲ್ಲ. ಒಬ್ಬರೇ ಮೂರೂ ಕಡೆ ಹರಕೆ ಹೊರುತ್ತಾರೆ. ತನ್ನ ತೇರಿನ ಹಗ್ಗ ಹಿಡಿದವರಲ್ಲಿ ‘ನಮ್ಮ ಮತ’, ‘ಅವರ ಮತ’ ಎಂದು ಎಣಿಸಿದ ದಿನ ಮಠವು ಮಠವಾಗಿ ಉಳಿಯದು. ಅದೊಂದು ಚುನಾವಣಾ ಕಚೇರಿಯಾಗುತ್ತದೆ.

ಅಪ್ಪಣೆಯಷ್ಟೇ ಅಪಾಯಕಾರಿಯಾದ ಇನ್ನೆರಡು ಪದ್ಧತಿಗಳು ನಮ್ಮ ಹಳ್ಳಿಗಳಲ್ಲಿವೆ. ಒಂದು, ಆಣೆ ಪ್ರಮಾಣ. ದೇವರ ಭಂಡಾರ ಮುಟ್ಟಿಸಿ, ದೀಪದ ಮುಂದೆ ನಿಲ್ಲಿಸಿ ಇಂಥವರಿಗೇ ಮತ ಹಾಕುವೆನೆಂದು ಮಾತು ಪಡೆಯುವುದು. ಕಿತ್ತುಕೊಂಡ ಆಣೆಗೆ ಧರ್ಮದ ಬಲವಿಲ್ಲ. ಅದನ್ನು ಮೀರಿದವನಿಗೆ ಪಾಪವಿಲ್ಲ. ಪಾಪವೆಲ್ಲ ಆಣೆ ಹಾಕಿಸಿದವನದು. ಇದನ್ನು ನಾವು ಗುರುಪೀಠದಿಂದಲೇ ಸಾರುತ್ತೇವೆ. ಮತವು ಗೋಪ್ಯವಾದುದು; ಯಾರಿಗೆ ಹಾಕಿದೆಯೆಂದು ಕೇಳಿ ಉತ್ತರಿಸುವಂತೆ ಬಲವಂತಪಡಿಸುವ ಅಧಿಕಾರವು ಗೌಡರಿಗೂ ಇಲ್ಲ, ಗಂಡನಿಗೂ ಇಲ್ಲ, ಗುರುವಿಗೂ ಇಲ್ಲ. ಎರಡನೆಯದು, ಗ್ರಾಮ ಪಂಚಾಯತಿ ಸ್ಥಾನಗಳ ಹರಾಜು. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಗಳಲ್ಲಿ ರಾಜ್ಯದ ಹಲವೆಡೆಗಳಿಂದ ಇಂತಹ ಸುದ್ದಿ ಬಂದಿತು. ಕಲಬುರಗಿ ಜಿಲ್ಲೆಯೂ ಹೊರತಾಗಿರಲಿಲ್ಲ. ಹರಾಜಿನ ಹಣವು ಗುಡಿಯ ಜೀರ್ಣೋದ್ಧಾರಕ್ಕೆಂದು ಹೇಳಿ ಹಿರಿಯರು ಸಮಾಧಾನಪಡುತ್ತಾರೆ. ಊರಿನ ಬಡವರ ಮತವನ್ನು ಮಾರಿ ಕಟ್ಟಿದ ಗೋಪುರಕ್ಕೆ ಕಳಸವಿಡಲು ಯಾವ ಸ್ವಾಮಿಯೂ ಹೋಗಬಾರದು.

ಹಾಗಾದರೆ ಮಠಗಳು ಮಾಡಬೇಕಾದುದೇನು? ಚುನಾವಣೆ ಘೋಷಣೆಯಾದಂದಿನಿಂದ ಮತ ಎಣಿಕೆ ಮುಗಿಯುವವರೆಗೆ ಮಠದ ವೇದಿಕೆಯಲ್ಲಿ ಅಭ್ಯರ್ಥಿಗಳಿಗೆ ಆಸನವಿರಬಾರದು. ಶಾಲು, ಹಾರ, ಛಾಯಾಚಿತ್ರಗಳಿರಬಾರದು. ದರ್ಶನಕ್ಕೆ ಬಂದವರು ಭಕ್ತರ ಸಾಲಿನಲ್ಲಿಯೇ ಬಂದು ಪ್ರಸಾದ ಸ್ವೀಕರಿಸಿ ಹೋಗಲಿ. ಮತದಾರರ ಕರಡು ಪಟ್ಟಿ ಪ್ರಕಟವಾದಾಗ ಪ್ರತಿಯೊಂದು ಊರಿನ ಮಠದ ಅಂಗಳದಲ್ಲಿ, ಅಮಾವಾಸ್ಯೆಯ ದಾಸೋಹಕ್ಕೆ ಜನ ಕೂಡಿದಾಗ, ಪಟ್ಟಿಯನ್ನು ಗಟ್ಟಿಯಾಗಿ ಓದಿಸಬೇಕು. ಎಲ್ಲ ಪಕ್ಷದವರೂ ಎಲ್ಲ ಓಣಿಯವರೂ ಕೇಳಲಿ. ಸತ್ತವರ ಹೆಸರಿದ್ದರೆ ತೆಗೆಸಬೇಕು. ಬದುಕಿದವರ ಹೆಸರು ಬಿಟ್ಟಿದ್ದರೆ ಸೇರಿಸಬೇಕು. ಸೇರ್ಪಡೆಗೆ ನಮೂನೆ 6, ತೆಗೆಯಲು ನಮೂನೆ 7, ತಿದ್ದುಪಡಿ ಹಾಗೂ ಸ್ಥಳ ಬದಲಾವಣೆಗೆ ನಮೂನೆ 8 ಎಂಬುದು ಊರಿನ ಪ್ರತಿ ಮನೆಗೂ ತಿಳಿದಿರಬೇಕು. ಹದಿನೆಂಟು ತುಂಬಿದವರು ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ. ಮಠದ ಪ್ರಸಾದನಿಲಯಗಳಲ್ಲಿರುವ ವಿದ್ಯಾರ್ಥಿಗಳಿಗೆ ಇದನ್ನು ಮೊದಲು ತಿಳಿಸಬೇಕು.

ಈ ಕೆಲಸದಲ್ಲಿ ಮಠದ ಹಳೆಯ ವಿದ್ಯಾರ್ಥಿಗಳ ಪಾಲು ದೊಡ್ಡದು. ನಮ್ಮ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ಶಿಕ್ಷಕರಾಗಿದ್ದಾರೆ, ಗ್ರಾಮ ಆಡಳಿತಾಧಿಕಾರಿಗಳಾಗಿದ್ದಾರೆ, ವಕೀಲರಾಗಿದ್ದಾರೆ. ಅನೇಕರು ಮತಗಟ್ಟೆ ಅಧಿಕಾರಿಗಳೂ ಆಗಿದ್ದಾರೆ. ಅವರಿಗೆ ನಮ್ಮ ಸ್ಪಷ್ಟ ನುಡಿ ಇದು: ಹೆಸರು ತೆಗೆಯಬೇಕೆಂಬ ಅರ್ಜಿ ಕೈಗೆ ಬಂದರೆ ಆ ಮನೆಯ ಹೊಸ್ತಿಲವರೆಗೆ ನಡೆಯದೆ ಷರಾ ಬರೆಯಬೇಡಿ. ಬೀಗ ಬಿದ್ದ ಮನೆಯಾದರೆ ನೆರೆಯವರಲ್ಲಿ ವಿಚಾರಿಸಿ. ದುಡಿಯಲು ಹೋದವರ ದೂರವಾಣಿಗೆ ಕರೆ ಮಾಡಿ. ಹೆಸರು ನಿಮ್ಮ ವಿರೋಧಿಯದಾದರೂ ಕಾಯಿರಿ. ವಿರೋಧಿಯದಾದರೆ ಇನ್ನೂ ಜಾಗ್ರತೆಯಿಂದ ಕಾಯಿರಿ. ಮಠದ ಅನ್ನದ ಋಣವನ್ನು ತೀರಿಸುವ ಬಗೆ ಕಾಣಿಕೆಯೊಂದೇ ಅಲ್ಲ. ವಕೀಲರಾದವರು ತಾಲ್ಲೂಕಿಗೆ ಇಬ್ಬರಾದರೂ ಮುಂದೆ ಬಂದು, ಹೆಸರು ಕಳೆದುಕೊಂಡ ಬಡವರ ಅರ್ಜಿಗಳನ್ನು ಶುಲ್ಕವಿಲ್ಲದೆ ನಡೆಸಿಕೊಡಬೇಕು.

ಭಕ್ತರಿಗೂ ಒಂದು ಮಾತು. ನಿಮ್ಮ ಗುರುಗಳು ಯಾರಿಗೆ ಮತ ಹಾಕಬೇಕೆಂದು ಹೇಳಿದರೆ ನಮಸ್ಕರಿಸಿ ಬನ್ನಿರಿ. ಮತವನ್ನು ನಿಮ್ಮ ವಿವೇಕಕ್ಕೆ ಸರಿಕಂಡವರಿಗೆ ಹಾಕಿರಿ. ಇದರಿಂದ ಗುರುದ್ರೋಹವಾಗುವುದಿಲ್ಲ. ಗುರುವು ಕೊಟ್ಟ ಅರಿವನ್ನು ಬಳಸಿದಂತಾಗುತ್ತದೆ. ಮುಂದಿನ ಕರಡು ಪಟ್ಟಿ ಬಂದ ದಿನ, ನಿಮ್ಮ ಹೆಸರನ್ನು ನೋಡಿದ ಮೇಲೆ ನಿಮ್ಮ ಓಣಿಯ ಬೀಗ ಬಿದ್ದ ಮನೆಗಳ ಹೆಸರುಗಳನ್ನೂ ನೋಡಿರಿ. ಪಟ್ಟಿಯ ಓದು ನಡೆಯದ ಊರುಗಳಲ್ಲಿ ಅದನ್ನು ನಡೆಸಬೇಕೆಂದು ನಿಮ್ಮ ಮಠಗಳನ್ನು ಕೇಳಿರಿ. ಕೇಳುವ ಹಕ್ಕು ನಿಮಗಿದೆ, ನಡೆಸುವ ಹೊಣೆ ನಮ್ಮದು.